ಉಬ್ಬಿದ ಉಗ್ರಾಣ

ಮೌನಿಗೆ ಬೇಕಾಗಿದ್ದು ಒಂದೇ ಒಂದು, ರಜೆ. ಹೆಂಡತಿ ತವರಿನಲ್ಲಿ ಹೆತ್ತಿದ್ದಳು. ಮಗಳ ಮುಖವನ್ನು ಅವನಿನ್ನೂ ಫೋನಿನಲ್ಲಷ್ಟೇ ಕಂಡಿದ್ದ. ಕಚೇರಿಯ ಯಂತ್ರಗಳು ಕ್ಷಣಕ್ಷಣಕ್ಕೂ ತಮ್ಮ ಕ್ಷೇಮಸಮಾಚಾರ ಬರೆದಿಡುವ ಲಾಗ್ ಫೈಲುಗಳಿಂದ ಕ್ಲೌಡಿನ ಉಗ್ರಾಣ ಬಿರಿಯುವಂತಾಗಿತ್ತು. ಸಂಜೆಯೊಳಗೆ ಅವನ್ನೆಲ್ಲ ಹಿಂಡಿ ಕಿರಿದು ಮಾಡಿದರೆ ನಾಳೆಯೇ ಹೊರಡಬಹುದು ಎಂದು ಮ್ಯಾನೇಜರು ಬೆಳಿಗ್ಗೆ ಮಾತು ಕೊಟ್ಟರು.

ಮೌನಿ ಒಂದೊಂದೇ ಫೈಲು ಹಿಂಡುತ್ತ ಕೂತ. ಪಕ್ಕದ ಮೇಜಿನ ಅಕ್ಕನಿಗೆ ತನ್ನ ಕೆಲಸಕ್ಕಿಂತ ಪರರ ಕೆಲಸ ರುಚಿ. ಕುರ್ಚಿ ಉರುಳಿಸಿಕೊಂಡು ಬಂದೇಬಿಟ್ಟಳು.

"ಹೀಗೆ ಸಾಸಿವೆ ಆರಿಸ್ತಾ ಕೂತ್ರೆ ಮಗಳ ಮದುವೆ ಹೊತ್ತಿಗೆ ಹೋಗ್ತೀಯ ತಮ್ಮಾ. ಉಗ್ರಾಣಕ್ಕೆ ಯಾವ ಫೈಲ್ ಬಂದ್ರೂ ತಾನೇ ಹಿಂಡಿ ಇಡೋ ಹಾಗೆ ಒಂದು ಪ್ರೋಗ್ರಾಂ ಬರೆದುಬಿಡು."

ಬರೆದ. ಹಿಂದಿನ ಸಾಲಿನ ಭದ್ರತಾ ಅಧಿಕಾರಿ ಕತ್ತು ಚಾಚಿ, ಮೂಲ ಫೈಲನ್ನು ಮಾತ್ರ ಅಳಿಸಬೇಡ ಎಂದರು. ಅಳಿಸಲಿಲ್ಲ. ಇಲ್ಲ ಎನ್ನುವ ಬಾಯಿದ್ದರೆ ಅವನಿಗೆ ಮೌನಿ ಎಂದು ಯಾಕೆ ಹೆಸರು ಬರುತ್ತಿತ್ತು?

ಚಹಾ ಕುಡಿದು ಬಂದು ನೋಡಿದರೆ ಉಗ್ರಾಣ ಹನುಮನ ಬಾಲದಂತೆ ಬೆಳೆಯುತ್ತಿದೆ. ಪ್ರೋಗ್ರಾಂ ಹಿಂಡಿದ ಫೈಲನ್ನು ಅದೇ ಉಗ್ರಾಣಕ್ಕೆ ಹಾಕುತ್ತಿತ್ತು. ಹಾಕಿದ್ದನ್ನು ಹೊಸ ಫೈಲು ಬಂತೆಂದು ಮತ್ತೆ ಹಿಂಡುತ್ತಿತ್ತು. ಹಿಂಡಿದ ಹಿಂಡಿಯಲ್ಲಿ ಇನ್ನೆಲ್ಲಿಯ ಎಣ್ಣೆ? ಗಂಟಿನ ಮೇಲೆ ಗಂಟು, ಗಂಟಿಗೊಂದು ಹೊಸ ಗಂಟು.

ಪ್ರೋಗ್ರಾಂ ನಿಲ್ಲಿಸುವಷ್ಟರಲ್ಲಿ ಮ್ಯಾನೇಜರು ಬೆನ್ನ ಹಿಂದೆ ನಿಂತಿದ್ದರು. ಇಷ್ಟೆಲ್ಲ ಕಾಪಾಡುವಂಥದ್ದು ಅದರಲ್ಲೇನಿದೆ, ಬಿಚ್ಚಿ ತೋರಿಸಿ ಎಂದರು. ಎಲ್ಲರೂ ಸುತ್ತ ನೆರೆದರು. ಮೌನಿ ಬಿಚ್ಚುತ್ತ ಬಿಚ್ಚುತ್ತ ಒಳಗಿನ ಫೈಲು ಮುಟ್ಟಿದ. ಬೆಟ್ಟ ಅಗೆದರೆ ಇಲಿ: ಸಾಲು ಸಾಲಿಗೂ 'ಎಲ್ಲ ಸರಿಯಾಗಿದೆ'.

ಅಕ್ಕ ಕಿಸಕ್ಕನೆ ನಕ್ಕಳು. ಯಂತ್ರಗಳಿಂದ ಹಾಗೆ ಬರೆಯಿಸಿದ್ದೇ ಮ್ಯಾನೇಜರು. ಕೆಂಪಗಾಗಿ, ಎಲ್ಲ ಅಳಿಸಿ, ಆ ಬರಹವನ್ನೂ ನಿಲ್ಲಿಸಿ ಎಂದರು. ಅಳಿಸಿದ್ದಾಯಿತು. ಉಗ್ರಾಣ ಗುಡಿಸಿಟ್ಟ ಅಂಗಳದಂತೆ ಹಗುರಾಯಿತು. ಮೌನಿ ಚೀಲ ಹೆಗಲಿಗೇರಿಸಿದ.

ಅಷ್ಟರಲ್ಲಿ ಮೇಲಿನವರ ಫೋನು. ಯಂತ್ರಗಳಿಂದ ಸುದ್ದಿಯೇ ಇಲ್ಲ, ಏನು ಅನಾಹುತವಾಯಿತು ಎಂದು ಅವರಿಗೆ ಗಾಬರಿ. ಮ್ಯಾನೇಜರು ತುಸು ಯೋಚಿಸಿ ಮೌನಿಯ ಕಡೆ ಅಕ್ಕರೆಯಿಂದ ತಿರುಗಿದರು.

"ಯಂತ್ರಕ್ಕೆ ಬಿಟ್ರೆ ಮತ್ತೆ ಉಗ್ರಾಣ ತುಂಬುತ್ತೆ. ಗಂಟೆಗೊಂದ್ಸಲ ನೀವೇ ಬರೀರಿ. ಎಷ್ಟು ಕಿರಿದಾಗುತ್ತೆ ನೋಡಿ."

"ರಜೆ, ಸಾರ್?"

"ಯಾರಾದ್ರೂ ಬರೀಬೇಕಲ್ಲಪ್ಪ."

ಮೌನಿ ಚೀಲ ಇಳಿಸಿ ಕೂತ. ಫೋನಿನಲ್ಲಿದ್ದ ಮಗಳ ಮುಖವನ್ನೊಮ್ಮೆ ನೋಡಿ, ಮೊದಲ ಸಾಲು ಒತ್ತಿದ: ಎಲ್ಲ ಸರಿಯಾಗಿದೆ.