ಮೂರು ಮನೆಯ ಧೂಮಕೇತ

ಗೋಡೆಯ ಮೇಲಿನ ಫೋಟೊ ನೋಡಿ "ಇವ್ರು ಯಾರ್ರಿ?" ಎಂದು ಕೇಳಿದ್ದಷ್ಟೇ ಮಾಳಿಂಗನ ತಪ್ಪು. ಕನ್ಯೆ ನೋಡಲು ಹೋದವನು ಅವಲಕ್ಕಿ ತಿನ್ನಬೇಕು, ಚಹಾ ಕುಡಿಯಬೇಕು, ಈ ಸಲ ತೊಗರಿ ಹೇಗಿದೆ ಎಂದು ವಿಚಾರಿಸಬೇಕು. ಗೋಡೆಯ ಗೊಡವೆಗೆ ಹೋಗಬಾರದು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಫೋಟೊದಲ್ಲಿದ್ದವನ ಮುಖ ಹಸಿರು, ಮೀಸೆ ಕಿವಿಯ ತನಕ, ಮೈಮೇಲೆ ಕರಿ ನಿಲುವಂಗಿ. ಕೆಳಗೆ ಕುಳಿತಿದ್ದ ಎಪ್ಪತ್ತು ದಾಟಿದ ರೇವಣಪ್ಪನ ಮುಖ ಮಾತ್ರ ಹಸಿರಾಗಿರಲಿಲ್ಲ, ಅಷ್ಟೇ ವ್ಯತ್ಯಾಸ.

"ಧೂಮಕೇತ," ಎಂದ ರೇವಣಪ್ಪ.

"ಮೋಡಗಳ್ಳ ಧೂಮಕೇತ ಏನ್ರಿ? ಮಕ್ಕಳ ವಾರಪತ್ರಿಕ್ಯಾಗ ಚಿತ್ರಕತಿ ಬರತಿತ್ತಲ್ರಿ? ನಮ್ಮಪ್ಪ ಹಳೇ ಪುಸ್ತಕ ಕಟ್ಟಿ ಇಟ್ಟಿದ್ದ, ಎಲ್ಲಾ ಓದೀನಿ ನಾ."

ಇಷ್ಟಕ್ಕೆ ಸುಮ್ಮನಾಗಿದ್ದರೂ ಈ ಕತೆ ಇರುತ್ತಿರಲಿಲ್ಲ. ಆದರೆ ಮಾಳಿಂಗ ಅಂಥವನಲ್ಲ. ಯಾರು ಏನು ತೋರಿಸಿದರೂ ಮನಸ್ಸಿಟ್ಟು ನೋಡುವುದು ಅವನ ಹುಟ್ಟುಗುಣ.

ಅವನ ನೌಕರಿಯೂ ನೋಡುವುದೇ. ಆಲಮಟ್ಟಿಯ ಕಾಲುವೆ ಆಫೀಸಿನವನು. ದಿನಕ್ಕೆ ಮೂರು ಸಲ ಹೋಗಿ ನೀರಿನ ಮಟ್ಟ ನೋಡಿ ಬರೆದುಕೊಂಡು ಬರುತ್ತಾನೆ. ವಯಸ್ಸು ಮೂವತ್ನಾಲ್ಕು. ಈವರೆಗೆ ಹನ್ನೊಂದು ಕಡೆ ಹೋಗಿ ಬಂದಿದ್ದ. ಗುತ್ತಿಗೆ ನೌಕರಿ ಎಂದು ಆರು ಮಂದಿ ಬೇಡ ಅಂದರು, ತಲೆಯಲ್ಲಿ ಕೂದಲಿಲ್ಲ ಎಂದು ಮೂವರು, ಇನ್ನಿಬ್ಬರು ಕಾರಣ ಹೇಳುವ ತ್ರಾಸೂ ತೆಗೆದುಕೊಳ್ಳಲಿಲ್ಲ.

ಈ ಹನ್ನೆರಡನೆಯದು ಬೇರೆ. ಎರಡು ತಿಂಗಳ ಹಿಂದೆ ಅವನ ಅವ್ವನ ಕಣ್ಣಿನ ಆಪರೇಷನ್ ಇಂಡಿಯ ಆಸ್ಪತ್ರೆಯಲ್ಲಿ ಆದಾಗ ಅಲ್ಲಿ ನರ್ಸ್ ಆಗಿದ್ದವಳು ಸುನೀತಾ. ಮೂರು ದಿನ ಅವನು ಅವ್ವನ ಮಂಚದ ಬಳಿ ಕೂತು ತಲೆ ಬಾಚಿದ್ದು, ಗಂಜಿ ಕುಡಿಸಿದ್ದು, ಬೈಸಿಕೊಂಡು ಸುಮ್ಮನಿದ್ದದ್ದು ಎಲ್ಲ ನೋಡಿದ್ದಳು. ಆಮೇಲೆ ತಾನಾಗಿ ಝಳಕಿಯ ಟೇಲರ್ ದಾವಲಮಲಿಕನ ಕೈಯಲ್ಲಿ "ಬಂದು ಮನ್ಯಾಗ ಮಾತಾಡ್ಲಿ" ಎಂದು ಹೇಳಿ ಕಳಿಸಿದ್ದಳು. ಒಬ್ಬ ಹೆಣ್ಣುಮಗಳು ತನ್ನನ್ನು ನೋಡಿ ಒಪ್ಪಿದ್ದಾಳೆ ಎಂಬ ಸಂತೋಷಕ್ಕೆ ಮಾಳಿಂಗ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಆ ಮನೆಯ ಪದ್ಧತಿ ಒಂದಿತ್ತು. ಹುಡುಗಿಯ ಅಪ್ಪ ಅಮಸಿದ್ದನೊಬ್ಬ ಒಪ್ಪಿದರೆ ಸಾಲದು. ಅವನ ಅಣ್ಣ ರೇವಣಪ್ಪ, ತಮ್ಮ ಸಿದ್ಧರಾಮ, ಮೂವರೂ ಕೈ ಹಚ್ಚಿ ಕೊಟ್ಟರೇ ಅದು ತಾಂಬೂಲ. ಬಂದವನು ಮೂರೂ ಮನೆಯಲ್ಲಿ ಚಹಾ ಕುಡಿಯಬೇಕು, ಹಿರಿಯನ ಮನೆ ಮೊದಲು.

ಹೀಗೆ ಮೊದಲ ಮನೆಯಲ್ಲೇ ಮಾಳಿಂಗ ಸಿಕ್ಕಿಬಿದ್ದ.

ಐವತ್ತು ವರ್ಷದ ಹಿಂದೆ ಊರ ಸಾಲಿಯ ಮಾಸ್ತರರೊಬ್ಬರು ಆ ಚಿತ್ರಕತೆಯನ್ನು ನಾಟಕ ಮಾಡಿದ್ದರಂತೆ. ಮೋಡ ಕದ್ದು ಹಂಡೆಯಲ್ಲಿ ಮುಚ್ಚಿಡುವ ಖಳನಾಯಕ. ಇಂಡಿ ತಾಲೂಕಿನ ಮೇಲೆ ಕಳವಾಗುವಷ್ಟು ಮೋಡ ಎಂದೂ ಬಂದದ್ದಿಲ್ಲ, ಆದರೂ ಜನ ಅವನನ್ನು ಮನಸಾರೆ ಬೈದು ಪ್ರತಿ ನಾಗರಪಂಚಮಿಗೆ ನಾಟಕ ನೋಡುತ್ತಿದ್ದರು. ರೇವಣಪ್ಪ ಹದಿನಾಲ್ಕು ವರ್ಷ ಧೂಮಕೇತನಾಗಿದ್ದ.

"ನನ್ನ ನಗೂ ಕೇಳ್ತೀ ಏನು?" ಎಂದ ರೇವಣಪ್ಪ. ಉತ್ತರಕ್ಕೆ ಕಾಯಲಿಲ್ಲ. ಹೊಟ್ಟೆಯಿಂದ ಎದ್ದ ಆ ನಗು ಜಂತಿಗೆ ಬಡಿದು, ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಾಡಿತು. ಮಾಳಿಂಗನ ಕೈಯ ಚಹಾ ಬಸಿಯಲ್ಲಿ ಚೆಲ್ಲಿತು.

"ಇದಕ್ಕಿಂತ ಚಲೋ ಧೂಮಕೇತನ್ನ ಯಾರೂ ಮಾಡಾಕ ಸಾಧ್ಯ ಇಲ್ರಿ," ಎಂದ ಮಾಳಿಂಗ. ಖರೇ ಮನಸ್ಸಿನಿಂದಲೇ ಅಂದ.

ಹೊರಗೆ ಬಂದ ಕೂಡಲೇ, ಜೊತೆಗೆ ಬಂದಿದ್ದ ದಾವಲಮಲಿಕ ಅವನ ತೋಳು ಹಿಡಿದ. "ಆ ಮಾತ ಯಾಕ ಅಂದ್ಯೋ ಮಾರಾಯಾ? ಇವ್ರ ನಂತರ ಹುಡುಗಿ ಅಪ್ಪ ಹದಿನೈದು ವರ್ಷ ಅದ ಪಾರ್ಟ ಮಾಡ್ಯಾನ. ಅಂವನ ನಂತರ ಸಿದ್ಧರಾಮಣ್ಣ ಒಂಬತ್ತು ವರ್ಷ. ಮೂವರ ಅಂಗೀನೂ ನಾನ ಹೊಲ್ದೀನಿ. ಒಂದ ಸಲ ಸತ್ಕಾರ ಇಟ್ಟು, ಮೈಕಿನ್ಯಾಗ ಯಾರೋ 'ಮೂವರೊಳಗ ಯಾರು ಭೇಷಿ, ಚಪ್ಪಾಳಿ ಹೊಡೀರಿ' ಅಂದ. ಅವತ್ತ ಹರಕೊಂಡದ್ದು. ಹನ್ನೆರಡು ವರ್ಷಾತು, ನಾಟಕಾನೂ ಇಲ್ಲ, ಅಣ್ತಮ್ಮರ ನಡುವ ಮಾತೂ ಇಲ್ಲ."

"ಇದನ್ನ ಮೊದ್ಲ ಹೇಳಬಾರದೇನೋ?"

"ನೀ ಗೋಡಿ ನೋಡ್ತಿ ಅಂತ ನನಗೇನ್ ಗೊತ್ತು."

ಮೂರೂ ಮನೆಗೆ ನಡುವೆ ಇರುವುದು ಒಂದೊಂದೇ ಗೋಡೆ. ಮಾಳಿಂಗ ಬಾಗಿಲು ಸುತ್ತಿ ಬರುವುದರೊಳಗೆ ಅವನ ಮಾತು ಹಿತ್ತಲಿನಿಂದ ಹಾಯ್ದು ಅಮಸಿದ್ದನ ಕಿವಿ ಸೇರಿತ್ತು.

ಅಮಸಿದ್ದ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತ ಕೂತಿದ್ದ. ಸಂಬಳ ಕೇಳಲಿಲ್ಲ, ಹೊಲ ಎಷ್ಟು ಎನ್ನಲಿಲ್ಲ.

"ಬಾಜೂಮನಿ ಹಿರ್ಯಾರು ನಕ್ಕರಂತ," ಎಂದ.

"ಹೌದ್ರಿ."

"ನಾ ನಗತಿರಲಿಲ್ಲ. ಮಂದೀನ ಕೊಲ್ಲಾಂವಗ ನಗಾಕ ಪುರಸೊತ್ತ ಎಲ್ಲಿ ಇರ್ತೈತಿ?" ಅಡಕೊತ್ತು ಕಟಕ್ ಎಂದಿತು. ಅಮಸಿದ್ದ ತಲೆಯೆತ್ತದೆ, ಮಗುವಿಗೆ ಹೇಳುವಷ್ಟು ಮೆತ್ತಗೆ ನಾಟಕದ ಮಾತು ಆಡಿದ: "ಆ ಊರಿನ ಮೋಡ ತಗೊಂಡ ಬಾ. ಕೂಸುಗಳು ಅತ್ತರ ಅಳ್ಳಿ. ಬಾಗಲಾ ಮುಚ್ಚು."

ಮತ್ತೆ ಕಟಕ್. ಒಳಗೆ ಪಾತ್ರೆ ತೊಳೆಯುವ ಸಪ್ಪಳವೂ ನಿಂತಿತು. ದೊಡ್ಡ ದನಿಯ ಕೆಡುಕನನ್ನು ದೂರದಿಂದಲೇ ಗುರುತು ಹಿಡಿಯಬಹುದು. ಇಂಥವನು ಪಕ್ಕದಲ್ಲಿ ಕೂತಿದ್ದರೂ ಗೊತ್ತಾಗುವುದಿಲ್ಲವಲ್ಲ ಎನಿಸಿತು ಮಾಳಿಂಗನಿಗೆ. ಎನಿಸಿದ್ದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟ. "ಖರೇ ಧೂಮಕೇತ ಅಂದ್ರ ಇದರಿ."

ಗೋಡೆಯಾಚೆ ರೇವಣಪ್ಪ ಜೋರಾಗಿ ಕೆಮ್ಮಿದ.

ಮೂರನೇ ಮನೆಗೆ ಕಾಲಿಡುವ ಮುಂಚೆ ಮಾಳಿಂಗ ತುಟಿ ಬಿಗಿ ಹಿಡಿದಿದ್ದ. ಏನು ತೋರಿಸಿದರೂ 'ಹಾಂ' ಅನ್ನಬೇಕು, 'ಹೂಂ' ಅನ್ನಬೇಕು, ಅಷ್ಟೇ ಎಂದು ನಿರ್ಧರಿಸಿಕೊಂಡಿದ್ದ. ಆದರೆ ಸಿದ್ಧರಾಮ ಚಹಾ ಕೂಡ ಕೊಡದೆ ಅವನ ಮುಂದೆ ಮೊಣಕಾಲೂರಿ ಕೂತುಬಿಟ್ಟ.

"ಅವ್ರಿಬ್ರೂ ಧೂಮಕೇತ ಮೋಡ ಕದ್ದದ್ದನ್ನ ತೋರಿಸಿದ್ರು. ಯಾಕ ಕದ್ದ ಅಂತ ಕೇಳಿದ್ರೇನು? ಇಲ್ಲ. ನಾ ಕೇಳಿದೆ." ಅವನ ಕಣ್ಣು ಆಗಲೇ ತುಂಬಿತ್ತು. "ಒಂದ ರಾತ್ರಿ ಮಳ್ಯಾಗ ಅಂವನ ಗುಡಿಸಲಾ ಕುಸಿದಿತ್ತೋ ತಮ್ಮಾ. ತೊಟ್ಟಿಲಾಗ ಕೂಸಿತ್ತು. ಮುಂದ ಯಾರ ಕೂಸೂ ಹಂಗ ಹೋಗಬಾರದಂತ ಮೋಡ ಕದ್ದ."

ಹೇಳುತ್ತ ಸಿದ್ಧರಾಮ ಅತ್ತ. ಮಾಳಿಂಗನೂ ಅತ್ತ. ಅಳುತ್ತ ಅಳುತ್ತ ಮಾಳಿಂಗನ ಬಾಯಿಂದ ಬರಬಾರದ ಮಾತು ಮೂರನೇ ಸಲ ಬಂತು: "ಧೂಮಕೇತ ನಿಮಗೊಬ್ರಿಗೇ ತಿಳದಾನ ನೋಡ್ರಿ."

ಬಾಗಿಲಲ್ಲಿ ನಿಂತಿದ್ದ ದಾವಲಮಲಿಕ ಹಣೆ ಹಣೆ ಬಡಿದುಕೊಂಡ.

ಒಂದು ಗಂಟೆಗೆ ಅಜ್ಜಿಯ ಪಡಸಾಲೆಗೆ ಕರೆ ಬಂತು. ತೊಂಬತ್ತು ದಾಟಿದ ಸಿದ್ದವ್ವ ಆ ಮೂವರ ತಾಯಿ. ಅವಳ ಪಡಸಾಲೆ ಇನ್ನೂ ಪಾಲಾಗಿರಲಿಲ್ಲ, ಹೀಗಾಗಿ ಮೂವರೂ ಬರಬಹುದಾದ ಜಾಗ ಅದೊಂದೇ. ಮೂರು ಕಂಬಕ್ಕೆ ಮೂವರು ಬೆನ್ನು ಕೊಟ್ಟು ಕೂತಿದ್ದರು. ತಾಂಬೂಲದ ತಟ್ಟೆ ನಡುವೆ ಇತ್ತು. ಅಡುಗೆಮನೆಯ ಬಾಗಿಲ ಮರೆಯಲ್ಲಿ ಸುನೀತಾಳ ಸೀರೆಯ ಅಂಚು ಕಾಣುತ್ತಿತ್ತು.

"ತಮ್ಮಾ, ಅವ್ರಿಗೆ ಹೇಳು," ಎಂದ ರೇವಣಪ್ಪ ಮಾಳಿಂಗನಿಗೆ, ಅಮಸಿದ್ದನತ್ತ ಗದ್ದ ತೋರಿಸಿ, "ನನ್ನ ಪಾರ್ಟ ಚಲೋ ಅಂತ ನೀ ಅಂದಿ."

"ಹಿರ್ಯಾರಿಗೆ ಹೇಳು," ಎಂದ ಅಮಸಿದ್ದ, "ಖರೇ ಧೂಮಕೇತ ಅಂದ್ರ ಇದ ಅಂತ ನನ್ನ ಮನ್ಯಾಗ ಅಂದಿ."

"ಇಬ್ರಿಗೂ ಹೇಳು," ಎಂದ ಸಿದ್ಧರಾಮ, "ನನ್ನ ಮುಂದ ಅತ್ತಿ."

ಮಾಳಿಂಗ ಮೂರೂ ಕಡೆ ಹೇಳಿದ. ಮೂರೂ ಖರೇ ಇದ್ದದ್ದರಿಂದ ಹೇಳದೆ ಗತಿಯಿರಲಿಲ್ಲ.

"ಮೂರು ನಾಲಿಗಿ ಇದ್ದಾಂವಗ ಮಗಳ್ನ ಹೆಂಗ ಕೊಡೂದು?" ಎಂದ ಅಮಸಿದ್ದ, ಅದೇ ಮೆತ್ತಗಿನ ದನಿಯಲ್ಲಿ. "ಒಂದ ಹೆಸರ ಹೇಳು. ಯಾರು ಭೇಷಿ?"

ಒಂದು ಹೆಸರು ಹೇಳಿದರೆ ಇಬ್ಬರು ಏಳುತ್ತಾರೆ. ಹೇಳದಿದ್ದರೆ ಮೂವರೂ ಏಳುತ್ತಾರೆ. ಮಾಳಿಂಗ ಬಾಗಿಲ ಮರೆಯ ಸೀರೆಯ ಅಂಚು ನೋಡಿದ. ಹದಿಮೂರನೇ ಮನೆಗೆ ಹೋಗುವ ಶಕ್ತಿ ತನಗಿಲ್ಲ ಎನ್ನುವುದು ಅವನಿಗೆ ಅಲ್ಲೇ ಸ್ಪಷ್ಟವಾಯಿತು. ತನಗೆ ಗೊತ್ತಿರುವ ಒಂದೇ ವಿದ್ಯೆಯ ಮಾತು ಆಡಿದ.

"ನಾ ದಿನಾ ಮೂರು ಸಲ ನೀರಿನ ಮಟ್ಟ ಬರೀತೇನ್ರಿ. ಮುಂಜಾನಿ ಒಂದ ಇರ್ತೈತಿ, ಮಧ್ಯಾಹ್ನ ಒಂದ, ಸಂಜಿಕ ಮತ್ತೊಂದ. ಇದರಾಗ ಖರೇ ಯಾವ್ದು ಅಂತ ನಮ್ಮ ಸಾಹೇಬ್ರು ಇವತ್ತಿನ ತನಕ ಕೇಳಿಲ್ಲ. ನೀರು ಒಂದ ಐತಲ್ರೀ. ನೀವು ಮೂವರೂ ಬ್ಯಾರೆ ಬ್ಯಾರೆ ಹೊತ್ತಿನ್ಯಾಗ ಒಬ್ಬನ್ನ ನೋಡಿ ಬಂದೀರಿ ಅನಸ್ತೈತಿ ನನಗ. ಅಂವ ಯಾರೋ ನಾ ಕಾಣೆ."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಸಿದ್ದವ್ವ ಕೈ ನಿಲ್ಲಿಸಿದಳು.

"ಯಾರಂತ ನಾ ಹೇಳ್ತೇನಿ," ಎಂದಳು ಮುದುಕಿ. "ಇವರಪ್ಪ. ಹಿರ್ಯಾ ಸಣ್ಣಾಂವಿದ್ದಾಗ ಒದರತಿದ್ದ, ಓಣಿ ಕೇಳಸ್ತಿತ್ತು. ನಡುವಿನಾಂವ ಬೆಳಿಯೂ ಹೊತ್ತಿಗೆ ಮಾತ ಕಡಿಮಿ ಮಾಡಿದ್ದ, ಅದು ಒದರೂದಕ್ಕಿಂತ ಕೆಟ್ಟಿತ್ತು. ಸಣ್ಣಾಂವನ ಕಾಲಕ್ಕ ಕುಂತಲ್ಲೆ ಕುಂತು ಅಳತಿದ್ದ, ಸಾಯೂತನಕ. ನೀವು ಬಣ್ಣಾ ಹಚಗೊಂಡು ನಿಂತಾಗೆಲ್ಲಾ ನನಗ ಅಂವನ ಕಾಣತಿದ್ದ. ಮಂದಿ ಚಪ್ಪಾಳಿ ಹೊಡೀತಿದ್ರು, ನಾ ಎದ್ದ ಬರತಿದ್ದೆ."

ಮೂವರು ಗಂಡಸರು ನೆಲ ನೋಡಿದರು. ಅಪ್ಪನನ್ನು ಖಳನಾಯಕ ಮಾಡಿದೆನಲ್ಲ, ಇನ್ನು ಜೋಡಿನ ಏಟು ಬೀಳುವುದೊಂದೇ ಬಾಕಿ ಎಂದುಕೊಂಡು ಮಾಳಿಂಗ ತನ್ನ ಚಪ್ಪಲಿ ಎಲ್ಲಿದೆ ನೋಡಿಕೊಂಡ.

ರೇವಣಪ್ಪ ಗಂಟಲು ಸರಿಮಾಡಿಕೊಂಡ. "ಅಮಸ್ಯಾ, ಒಂದಿಷ್ಟು ಅಡಕಿ ಕೊಡು."

ಹನ್ನೆರಡು ವರ್ಷದಲ್ಲಿ ನೇರವಾಗಿ ಆಡಿದ ಮೊದಲ ಮಾತು ಅದು. ಅಮಸಿದ್ದ ಕತ್ತರಿಸಿ ಅಣ್ಣನ ಅಂಗೈಯಲ್ಲಿ ಇಟ್ಟ. ಸಿದ್ಧರಾಮ ಹೇಗೂ ಅಳುತ್ತಿದ್ದ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿಗೆ ಮೂವರ ಕೈಯೂ ತಾಂಬೂಲದ ತಟ್ಟೆಯ ಮೇಲೆ ಬಂತು.

"ಇನ್ನೊಂದ ಮಾತು," ಎಂದ ರೇವಣಪ್ಪ. "ಈ ಪಂಚಮಿಗೆ ನಾಟಕ ಆಗಬೇಕು. ನಮಗ ವಯಸ್ಸಾತು. ಧೂಮಕೇತನ್ನ ಅಳಿಯಾ ಮಾಡ್ಲಿ."

"ಮಾಡ್ಲಿ," ಎಂದರು ಇಬ್ಬರೂ ಒಟ್ಟಿಗೆ.

ಆ ಹೊತ್ತಿನಲ್ಲಿ ಬಾವಿಗೆ ಹಾರು ಅಂದಿದ್ದರೂ ಮಾಳಿಂಗ ಹಾರುತ್ತಿದ್ದ. "ಆಗ್ಲಿರಿ," ಎಂದ. ಹುಡುಗ ಹುಡುಗಿ ಎರಡು ಮಾತಾಡಲಿ ಎಂದು ಅವನನ್ನು ಹಿತ್ತಲಿಗೆ ಕಳಿಸಿದರು.

ಸುನೀತಾ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದಳು. ಆಸ್ಪತ್ರೆಯಲ್ಲಿ ಕಂಡಿದ್ದ ನಗು ಮುಖದಲ್ಲಿರಲಿಲ್ಲ.

"ದಾವಲಕಾಕಾಗ ನಾ ಒಂದ ಮಾತ ಹೇಳಿದ್ದೆ," ಎಂದಳು. "ನಾಟಕ ಮಾಡಾಂವ ಇರಬಾರದು ಅಂತ. ಹೇಳಿಲ್ಲೇನು ನಿಮಗ?"

"ಇಲ್ರಿ."

"ಪಂಚಮಿ ಎರಡು ತಿಂಗಳ ಇದ್ದಂಗ ಅಪ್ಪ ತಾಲೀಮು ಅಂತ ಮನ್ಯಾಗೂ ಅದ ದನಿಲೆ ಮಾತಾಡತಿದ್ದ. ಉಪ್ಪ ಕೇಳೂದೂ ಅದ ದನಿ. ನಮ್ಮವ್ವ ಉಪ್ಪಿನ ಡಬ್ಬಿ ಅಲ್ಲೇ ಇಟ್ಟು ಹಿತ್ತಲಿಗೆ ಹೋಗತಿದ್ಲು. ಹದಿನೈದು ವರ್ಷ ಮಾಡಿದ ಮ್ಯಾಲ ಯಾವ್ದು ಅಪ್ಪನ ದನಿ, ಯಾವ್ದು ಧೂಮಕೇತಂದು ಅಂತ ಅವಂಗೂ ತಿಳೀಲಾರದಂಗಾತು. ಇವತ್ತೂ ಕೇಳಿದ್ರಲ್ಲ. ನಿಮ್ಮವ್ವ ಬೈದಾಗ ನೀವು ನಿಮ್ಮ ದನಿಲೇ 'ಆತಬೇ' ಅಂದ್ರಿ. ಅದಕ್ಕ ನಾ ಹೇಳಿ ಕಳಿಸಿದ್ದು."

ಮಾಳಿಂಗ ಅಡ್ಡಡ್ಡ ತಲೆಯಾಡಿಸಿದ. "ನನಗ ಆ ಹುಚ್ಚ ಇಲ್ರಿ."

"ಹಂಗಾರ ಹೋಗಿ ಒಲ್ಲೆ ಅಂತ ಹೇಳಿ ಬರ್ರಿ. ನಾ ಇಲ್ಲೇ ನಿಂತಿರ್ತೇನಿ."

ಎಷ್ಟು ಸಣ್ಣ ಕೆಲಸ. ಮಾಳಿಂಗ ಹುರುಪಿನಿಂದ ಪಡಸಾಲೆಗೆ ನಡೆದ. ಅಲ್ಲಿ ಮೂವರು ಅಣ್ಣತಮ್ಮಂದಿರು ಒಂದೇ ತಟ್ಟೆಗೆ ಕೈಹಾಕಿ ಅವಲಕ್ಕಿ ತಿನ್ನುತ್ತಿದ್ದರು. ಸಿದ್ದವ್ವ ಹತ್ತಿರ ಕೂತು ಹಿರಿಯ ಮಗನ ಬೆನ್ನು, ನಡುವಿನವನ ಬೆನ್ನು, ಕಿರಿಯನ ಬೆನ್ನು ಸರದಿಯಂತೆ ಸವರುತ್ತಿದ್ದಳು.

"ಯಪ್ಪಾ, ಬಾ," ಎಂದಳು ಮುದುಕಿ ಮಾಳಿಂಗನ ಕೈ ಹಿಡಿದು. "ಈ ನಾಟಕದ ನೆವಕ್ಕರೆ ಇವ್ರು ಕೂಡಿದ್ರು. ಇದನ್ನ ನೋಡಾಕ ಜೀವ ಹಿಡಕೊಂಡಿದ್ದೆ. ನೀ ಒಲ್ಲೆ ಅನಬ್ಯಾಡ."

ಮಾಳಿಂಗ ಬಾಯಿ ತೆರೆದ. ಒಲ್ಲೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಮುದುಕಿಯ ಮುಖ ನೋಡಿದ, ನುಂಗಿದ. ಹಿತ್ತಲ ಬಾಗಿಲು ನೋಡಿದ, ಮತ್ತೆ ಬಾಯಿ ತೆರೆದ. ಆಗ ಅವನೊಳಗಿಂದ ಒಂದು ಸಪ್ಪಳ ಹೊರಟಿತು. ನಗುವಾಗಿ ಶುರುವಾದದ್ದು ನಡುವೆ ಉಸಿರು ಕಟ್ಟಿ ಪಿಸುದನಿಯಾಗಿ, ಕೊನೆಗೆ ಅಳುವಾಗಿ ಮುಗಿಯಿತು. ಇಷ್ಟು ವರ್ಷದ ಹನ್ನೆರಡು ಮನೆಯ ಚಹಾ ಅದರಲ್ಲಿತ್ತು.

ಅವಲಕ್ಕಿಯ ಕೈಗಳು ತಟ್ಟೆಯಲ್ಲೇ ನಿಂತವು.

"ಅಬಬಬಬ," ಎಂದ ರೇವಣಪ್ಪ ಮೆಲ್ಲಗೆ. "ಅದ. ಅದ ನೋಡ್ರೋ. ನಾವು ಮೂವರೂ ಒಂದೊಂದ ತುಣುಕ ಹಿಡದಿದ್ವಿ."

"ಇಂವನ ಮುಂದ ನಾವು ಏನೂ ಅಲ್ಲ," ಎಂದ ಅಮಸಿದ್ದ. ಸಿದ್ಧರಾಮ ಬಾಯಿಗೆ ಟವೆಲ್ ಒತ್ತಿಕೊಂಡು ತಲೆಯಾಡಿಸಿದ. ಯಾರು ಭೇಷಿ ಎಂಬ ಪ್ರಶ್ನೆಗೆ ಆ ಮನೆಯ ಮೂವರೂ ಒಪ್ಪಿದ್ದು ಅದೇ ಮೊದಲು. ದಾವಲಮಲಿಕ ಕೊರಳಲ್ಲಿದ್ದ ಟೇಪು ತೆಗೆದು ಮಾಳಿಂಗನ ಭುಜದ ಅಳತೆ ಹಿಡಿಯತೊಡಗಿದ.

ಹಿತ್ತಲ ಬಾಗಿಲಲ್ಲಿ ಸುನೀತಾ ನಿಂತಿದ್ದಳು. ಎಲ್ಲ ಕೇಳಿದ್ದಳು, ನೋಡಿದ್ದಳು. ಒಳಗೆ ಹೋಗಿ ಚೀಲ ಹೆಗಲಿಗೆ ಹಾಕಿಕೊಂಡು ಬಂದು, ಮಾಳಿಂಗನ ಎದುರು ಒಂದು ಕ್ಷಣ ನಿಂತಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ಖರೇ ಹೇಳ್ತೇನಿ," ಎಂದಳು, "ನಾ ನೋಡಿದ ಧೂಮಕೇತರೊಳಗ ನೀವ ಭೇಷಿ."

ಆಮೇಲೆ ತಾಂಬೂಲದ ತಟ್ಟೆ ಬದಿಗೆ ಸರಿಸಿ, ಅಜ್ಜಿಯ ಕಾಲು ಮುಟ್ಟಿ, ಡ್ಯೂಟಿಗೆ ಹೊತ್ತಾಯಿತೆಂದು ಹೇಳಿ ಇಂಡಿಯ ಬಸ್ಸಿಗೆ ಹೋದಳು.