ಮೀನಿನ ತೊಟ್ಟಿಯ ಹಿನ್ನೆಲೆ ಪರಿಶೀಲನೆ

ಭಂಡಿಗಡಿಯ ಸುಮಲತಾ ಅವರ ವಾಸದ ಮನೆಯೊಳಗೆ ಎರಡು ಅಡಿ ಉದ್ದ, ಒಂದೂಕಾಲು ಅಡಿ ಎತ್ತರದ ಅರಣ್ಯವಿರುವುದು ಕಳೆದ ವರ್ಷ ಜೂನ್ ಹನ್ನೊಂದರಂದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿತು.

ಸುಮಲತಾ ಮತ್ತು ಗಂಡ ಯೋಗೇಶ ತೋಟದ ಕೂಲಿಯವರು. ಇರುವ ಮನೆಗೆ ಹಕ್ಕುಪತ್ರ ಕೊಡಿ ಎಂದು ಅರ್ಜಿ ಹಾಕಿ ಏಳು ವರ್ಷವಾಗಿತ್ತು. ಅರ್ಜಿ ಕೊಪ್ಪದ ‘ನಿವೇಶನ ಹಿನ್ನೆಲೆ ಪರಿಶೀಲನಾ ಶಾಖೆ’ಯಲ್ಲಿ ಕ್ಷೇಮವಾಗಿತ್ತು. ಈ ನಡುವೆ ಹಲ್ಲುನೋವೆಂದು ಡಾಕ್ಟರ ಬಳಿ ಹೋದ ಸುಮಲತಾ, ಅಲ್ಲಿದ್ದ ಮೀನಿನ ತೊಟ್ಟಿ ನೋಡುತ್ತ ನೋವನ್ನೇ ಮರೆತರು. ಹೆಸರು ಕೂಗಿದರೂ ಏಳಲಿಲ್ಲ. ಅಂಥದ್ದೊಂದು ತಮ್ಮ ಮನೆಯಲ್ಲೂ ಇರಬೇಕೆಂದು ಅವತ್ತೇ ನಿಶ್ಚಯವಾಯಿತು.

ನರಸಿಂಹರಾಜಪುರದ ಅಂಗಡಿಯಲ್ಲಿ ತೊಟ್ಟಿಯೂ ನಾಲ್ಕು ಗೋಲ್ಡ್‌ಫಿಶ್‌ಗಳೂ ಸಿಕ್ಕವು. ಹಿಂದಿನ ಗಾಜಿಗೊಂದು ಚಿತ್ರ ಅಂಟಿಸದಿದ್ದರೆ ವೈರು, ಗೋಡೆ ಎಲ್ಲ ಕಾಣುತ್ತದೆ ಎಂದು ಅಂಗಡಿಯವನು ಕಾಡಿನದೊಂದು, ಸಮುದ್ರದ್ದೊಂದು ಸುರುಳಿ ಬಿಚ್ಚಿ ತೋರಿಸಿದ. ಸುಮಲತಾ ಕಾಡಿನ ಚಿತ್ರ ಆರಿಸಿದರು.

“ಮೀನು ಕಾಡಲ್ಲಿ ಇರ್ತದಾ ಮಾರಾಯ್ತಿ?” ಎಂದ ಯೋಗೇಶ.

“ನಾವು ಇಲ್ವಾ?” ಎಂದರು ಸುಮಲತಾ.

ಮನೆಗೆ ಬಂದು ಹಿಂದಿನ ಗಾಜನ್ನು ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ, ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಅಂಟಿಸಿದರು. ನಡುವೆ ನಿಂತ ಗಾಳಿಗುಳ್ಳೆಗಳನ್ನು ರೇಷನ್ ಕಾರ್ಡಿನ ಅಂಚಿನಿಂದ ತಳ್ಳಿ ಹೊರಗೆ ಹಾಕಿದರು. ಆ ಕಾರ್ಡು ಒಂದೇ ಸಲಕ್ಕೆ ಕೆಲಸ ಮಾಡಿಕೊಟ್ಟಿದ್ದು ಅದೇ ಮೊದಲು.

ಮರುವಾರ ಶಾಖೆಯ ಪರಿಶೀಲಕರಾದ ಸೋಮಶೇಖರಪ್ಪನವರು ಹಕ್ಕುಪತ್ರದ ಸ್ಥಳ ತನಿಖೆಗೆ ಬಂದರು. ನಿಯಮದಂತೆ ಮನೆಯ ಒಳಭಾಗವನ್ನು ಆ್ಯಪ್‌ನಲ್ಲಿ ಫೋಟೋ ತೆಗೆದರು. ಆ್ಯಪ್ ಕ್ಷಣಕಾಲ ತಿರುಗಿ, ‘ಮರಗಳು: ಮೂವತ್ತನಾಲ್ಕು’ ಎಂದಿತು.

“ಅರಣ್ಯದಲ್ಲಿ ಮನೆ ಕಟ್ಟಿದವರನ್ನು ನೋಡಿದ್ದೇನೆ. ಮನೆಯಲ್ಲಿ ಅರಣ್ಯ ಇಟ್ಟುಕೊಂಡವರು ನೀವೇ ಮೊದಲು. ಹಕ್ಕುಪತ್ರ ಬರಲ್ಲ,” ಎಂದರು ಸೋಮಶೇಖರಪ್ಪ.

“ಅದು ಕಾಗದ ಸಾರ್. ಮುಟ್ಟಿ ನೋಡಿ.”

“ಮುಟ್ಟುವುದಕ್ಕೆ ಆ್ಯಪ್‌ನಲ್ಲಿ ಅವಕಾಶ ಇಲ್ಲಮ್ಮ.”

ಸುಮಲತಾ ಕಾಡು ಕಿತ್ತು, ಅದೇ ಅಂಗಡಿಯಿಂದ ಸಮುದ್ರ ತಂದು ಅಂಟಿಸಿದರು. ಎರಡನೇ ತನಿಖೆಯಲ್ಲಿ ಮನೆಯು ಕಡಲತೀರದ ನಿರ್ಬಂಧಿತ ವಲಯದಲ್ಲಿರುವುದು ಪತ್ತೆಯಾಯಿತು.

“ಸಮುದ್ರ ಇಲ್ಲಿಂದ ಎಷ್ಟು ದೂರ ಉಂಟು ಅಂತ ನಿಮಗೇ ಗೊತ್ತಲ್ವಾ ಸಾರ್?”

“ನನಗೆ ಗೊತ್ತಿರುವುದನ್ನು ಬರೆಯಲು ಕಾಲಂ ಇಲ್ಲ.”

ಬೇಸತ್ತ ಯೋಗೇಶ ಸಮುದ್ರವನ್ನೂ ಕಿತ್ತು ಕಪ್ಪು ಕಾಗದ ಹಚ್ಚಿದ. ಮೂರನೇ ವರದಿ ಹೀಗಿತ್ತು: ‘ಅರ್ಜಿದಾರರ ಹಿನ್ನೆಲೆಯಲ್ಲಿ ಏನೂ ಕಂಡುಬಂದಿಲ್ಲ. ಹಿನ್ನೆಲೆ ಇಲ್ಲದವರ ಅರ್ಜಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.’

“ತೊಟ್ಟಿನೇ ತೆಗೆದು ಹಾಕುವ,” ಎಂದ ಯೋಗೇಶ.

ಸುಮಲತಾ ತೊಟ್ಟಿಗೆ ಅಡ್ಡ ನಿಂತರು. “ಇಡೀ ದಿನ ಮೈ ಮುರಿದು ಬಂದು ಇದರ ಎದುರು ಕಾಲು ಗಂಟೆ ಕೂರ್ತೇನೆ. ಅದೂ ಬೇಡ್ವಾ ನಂಗೆ?” ಎಂದರು. ಯೋಗೇಶ ಮೀನಿಗೆ ಕಾಳು ಹಾಕಿದ.

ಮರುದಿನ ಸುಮಲತಾ ಕೂಲಿ ಬಿಟ್ಟು ಕೊಪ್ಪದ ಶಾಖೆಗೆ ಹೋದರು. ಏಳು ವರ್ಷ ನಿಂತಿದ್ದ ಅದೇ ಕೌಂಟರಿನ ಎದುರು ನಿಂತು ಮೊಬೈಲಿನಲ್ಲಿ ಫೋಟೋ ತೆಗೆದರು: ಕಡತಗಳ ರಾಶಿ, ಫ್ಯಾನು, ಖಾಲಿ ಕುರ್ಚಿ. ಸ್ಟುಡಿಯೋದಲ್ಲಿ ತೊಟ್ಟಿಯ ಅಳತೆಗೆ ಪ್ರಿಂಟ್ ಹಾಕಿಸಿ, ಮನೆಗೆ ತಂದು, ಒಂದೂ ಗುಳ್ಳೆ ಉಳಿಯದಂತೆ ಅಂಟಿಸಿದರು. ಮೀನುಗಳು ಕಡತಗಳ ಮುಂದೆ ಅತ್ತಿಂದಿತ್ತ ಓಡಾಡತೊಡಗಿದವು.

ನಾಲ್ಕನೇ ತನಿಖೆಯಲ್ಲಿ ಆ್ಯಪ್ ತಿರುಗಲೇ ಇಲ್ಲ. ಕೂಡಲೇ ಹಸಿರು ಗುರುತು ಬಂತು: ‘ಸರ್ಕಾರಿ ಕಚೇರಿ. ಸಿಬ್ಬಂದಿ: ನಾಲ್ಕು. ಎಲ್ಲರೂ ಹಾಜರು.’

ಸೋಮಶೇಖರಪ್ಪನವರು ಎದ್ದು ನಿಂತರು. ಹಾಜರಾತಿ ನೂರಕ್ಕೆ ನೂರು ಇರುವ ಕಚೇರಿಯನ್ನು ತಮ್ಮ ಸೇವಾವಧಿಯಲ್ಲಿ ಕಂಡಿಲ್ಲವೆಂದು ಷರಾ ಬರೆದು, ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟುಬಂದರು.

“ಹಾಗಾದ್ರೆ ಹಕ್ಕುಪತ್ರ?” ಎಂದರು ಸುಮಲತಾ.

“ಸರ್ಕಾರಿ ಕಚೇರಿಗೆ ಎಂಥ ಹಕ್ಕುಪತ್ರ ಅಮ್ಮ? ಅರ್ಜಿ ಮುಕ್ತಾಯ.”

“ನಮ್ಮನ್ನ ಇಲ್ಲಿಂದ ಎಬ್ಬಿಸ್ತಾರಾ ಸಾರ್?”

“ಸರ್ಕಾರವನ್ನು ಎಬ್ಬಿಸಲು ಈವರೆಗೆ ಯಾರಿಗೂ ಆಗಿಲ್ಲ,” ಎಂದು ಸೋಮಶೇಖರಪ್ಪ ಅಭಯ ಕೊಟ್ಟರು.

ಏಳು ವರ್ಷದಲ್ಲಿ ಯಾರೂ ಇಷ್ಟು ಭರವಸೆ ಕೊಟ್ಟಿರಲಿಲ್ಲ. ಸುಮಲತಾ ಕಾಫಿ ಇಡಲು ಒಳಗೆ ಹೋದರು.

ಸುದ್ದಿ ಹಬ್ಬಿತು. ಸೋಮವಾರ ಬೆಳಿಗ್ಗೆ ವಿಧವಾ ವೇತನದ ಅರ್ಜಿ ಹಿಡಿದು ಬೇಗಾರಿನಿಂದ ಭೈರಮ್ಮ ಬಂದರು.

“ಸಾಹೇಬ್ರು ಇದಾರನಾ?”

“ಇದಾರೆ ಭೈರಮ್ಮ. ಆದ್ರೆ ಮಾತಾಡಲ್ಲ.”

ಭೈರಮ್ಮ ಬಗ್ಗಿ ತೊಟ್ಟಿಯೊಳಗೆ ನೋಡಿದರು. ದೊಡ್ಡ ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದು ಮುಚ್ಚಿತು.

“ಬಾಯಾದ್ರೂ ಬಿಡ್ತಾರಲ್ಲ, ಸಾಕು ಮಾರಾಯ್ತಿ,” ಎಂದು ಭೈರಮ್ಮ ಕೈಚೀಲ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಸಾಲಿನಲ್ಲಿ ಮೊದಲನೆಯವರಾಗಿ ಕುಳಿತರು.