ಎಲೆಯ ನಡುವೆ ಹತ್ತಿಯ ಅನ್ನ

ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಮನೆಯ ಅನ್ನಕ್ಕೆ ಬೆಂಕಿ ಹತ್ತಿಕೊಂಡಿತು. ಒಲೆಯ ಮೇಲಿನ ಅನ್ನಕ್ಕಲ್ಲ. ನಾನು ಅಡುಗೆ ಮಾಡುವ ದಿನ ಅದು ತಳ ಹಿಡಿಯುವುದು ಮಾಮೂಲು. ಇದು ಆರು ವರ್ಷದ, ಎರಡು ಜಡೆಯ, ಮುಂದಿನ ಹಲ್ಲು ಬಿದ್ದ ಅನ್ನ. ನನ್ನ ಮಗಳು ಆದ್ಯಾ. ಅವಳಿಗೆ ಏನೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಈ ಮಾತನ್ನು ನಿಮಗಿಂತ ಹೆಚ್ಚಾಗಿ ನನಗೇ ಹೇಳಿಕೊಳ್ಳಬೇಕಾಗುತ್ತದೆ. ಇವತ್ತಿಗೂ ಹತ್ತಿಯ ಉಂಡೆ ಕಂಡರೆ ಸಾಕು, ಹತ್ತಿರದಲ್ಲಿ ನಲ್ಲಿ ಎಲ್ಲಿದೆ ಎಂದು ನನ್ನ ಕಣ್ಣು ತಾನಾಗಿ ಹುಡುಕತೊಡಗುತ್ತದೆ.

ಅದು ಕೊರೊನಾದ ಮೊದಲ ವರ್ಷ. ಡಚ್ಚರ ನಾಡಿನಲ್ಲಿ, ಐಂಡ್‌ಹೋವನ್ ನಗರದ ಪಕ್ಕದ ಬೆಸ್ಟ್ ಎಂಬ ಊರಿನಲ್ಲಿ ನಮ್ಮ ವಾಸ. ಮೂರು ತಿಂಗಳು ಇದ್ದು ಹೋಗಲೆಂದು ಉಡುಪಿಯಿಂದ ಬಂದ ನನ್ನ ಅತ್ತೆ, ಮೊದಲು ವಿಮಾನಗಳು ನಿಂತು, ಆಮೇಲೆ ವಿಮಾನ ಹತ್ತುವ ಧೈರ್ಯವೇ ನಿಂತು, ನಮ್ಮಲ್ಲೇ ಉಳಿದಿದ್ದರು. ಆ ಸಲ ಅಕ್ಟೋಬರ್ ಕೊನೆಯ ಭೂತಪ್ರೇತಗಳ ಹಬ್ಬ ಹ್ಯಾಲೋವೀನ್‌ಗೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ಬಡಿಯುವಂತಿರಲಿಲ್ಲ. ಬೀದಿಯ ಮೊಬೈಲ್ ಗುಂಪಿನಲ್ಲಿ ಒಂದು ಉಪಾಯ ಹುಟ್ಟಿತು. ಪ್ರತಿ ಮನೆಯವರೂ ತಮ್ಮ ಮುಂದಿನ ಅಂಗಳದಲ್ಲಿ ವೇಷ ಹಾಕಿ ನಿಲ್ಲುವುದು, ಕೊರೆದ ಕುಂಬಳಕಾಯಿಯೊಳಗೆ ಒಂದು ಪುಟ್ಟ ಮೇಣದ ದೀಪ ಇಡುವುದು, ದಾರಿಯಲ್ಲಿ ಬರುವ ಮಕ್ಕಳಿಗೆ ಒಂದು ಉದ್ದನೆಯ ಪೈಪಿನಲ್ಲಿ ಮಿಠಾಯಿ ಜಾರಿಸುವುದು. ಒಂದೂವರೆ ಮೀಟರ್ ಅಂತರವೂ ಉಳಿಯಿತು, ಹಬ್ಬವೂ ಉಳಿಯಿತು. ಮನೆಮಂದಿಗೆಲ್ಲ ಒಂದೇ ವಿಷಯದ ವೇಷವಾದರೆ ಚೆಂದ ಎಂದು ಯಾರೋ ಬಾಲ ಸೇರಿಸಿದರು.

ನಾನು ಅಂತರ್ಜಾಲದಲ್ಲಿ ಅಸ್ಥಿಪಂಜರದ ಅಂಗಿಗಳನ್ನು ನೋಡುತ್ತಿದ್ದಾಗ ಅತ್ತೆ ಹಿಂದಿನಿಂದ ಬಗ್ಗಿ ನೋಡಿದರು. "ಎಂತ ಕರ್ಮ ಇದು! ಚಂದದ ಮಗುವಿಗೆ ಎಲುಬಿನ ಅಂಗಿ ಹಾಕುವುದಾ? ಅದೂ ಒಂದು ದಿನಕ್ಕೆ ದುಡ್ಡು ಕೊಟ್ಟು?" ಎಂದರು. ನನ್ನ ಹೆಂಡತಿ ವಿದ್ಯಾ ನಗುತ್ತ, "ಹಾಗಾದ್ರೆ ನೀನೇ ಹೇಳಮ್ಮ" ಎಂದಳು. ಅತ್ತೆ ಯೋಚಿಸಲೇ ಇಲ್ಲ. "ಊಟದ ಎಲೆ ಮಾಡುವ. ಮನೆಯಲ್ಲಿ ಇದ್ದದ್ದರಲ್ಲೇ ಆಗ್ತದೆ. ಎಲ್ಲರಿಗೂ ಒಂದೊಂದು ಪದಾರ್ಥ."

ಹೀಗೆ ನಾವು ಊಟವಾದೆವು. ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ ತಂದ ಹಸಿರು ಹೊದಿಕೆಯೊಂದು ಅಂಗಳದಲ್ಲಿ ಬಾಳೆಲೆಯಾಗಿ ಹರಡಿಕೊಂಡಿತು. ಅತ್ತೆ ಇದ್ದುದರಲ್ಲೇ ಕೆಂಪಗಿನ ಸೀರೆಯುಟ್ಟು ಉಪ್ಪಿನಕಾಯಿಯಾದರು. ಇದಕ್ಕೆ ವೇಷವೇ ಬೇಕಿರಲಿಲ್ಲ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ವಿದ್ಯಾ ಪಾರ್ಸೆಲ್ ಡಬ್ಬಿಗಳ ರಟ್ಟನ್ನು ದುಂಡಗೆ ಕತ್ತರಿಸಿ, ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಅಂಟಿಸಿ ಹಪ್ಪಳವಾದಳು. ನಾನು ಹಳೆಯ ರೇನ್‌ಕೋಟಿಗೆ ಹಸಿರು ಕಾಗದದ ಚೂರು ಮೆತ್ತಿಕೊಂಡು ಬೀನ್ಸ್ ಪಲ್ಯವಾದೆ. ಆದ್ಯಾಳ ಬಿಳಿ ನಿಲುವಂಗಿಯ ಮೇಲೆ ಮೂವರೂ ಕೂತು ಎರಡು ಸಂಜೆ ಹತ್ತಿ ಅಂಟಿಸಿದೆವು. ಉದುರುದುರಾದ ಅನ್ನ ಹೇಗಿರಬೇಕು ಎಂಬ ಬಗ್ಗೆ ಅತ್ತೆಗೆ ಖಚಿತ ಅಭಿಪ್ರಾಯವಿದ್ದುದರಿಂದ ಹತ್ತಿಯನ್ನು ಹಿಂಜಿ ಹಿಂಜಿ ಅಂಟಿಸಬೇಕಾಯಿತು. ನನ್ನ ಬಳಿ ಎಂಜಿನಿಯರಿಂಗ್ ಪದವಿಯಿದೆ. ಹಿಂಜಿದ ಹತ್ತಿಗೆ ದೀಪದ ಬತ್ತಿಯ ಸ್ವಭಾವವಿರುತ್ತದೆ ಎಂಬುದು ಆ ಎರಡು ಸಂಜೆಗಳಲ್ಲಿ ಆ ಪದವಿಗೆ ಹೊಳೆಯಲಿಲ್ಲ.

ಆ ದಿನ ನಾವು ಹೊದಿಕೆಯ ಮೇಲೆ ಮನಸ್ಸಿಗೆ ಬಂದಂತೆ ನಿಂತಾಗ ಅತ್ತೆಗೆ ಸಿಟ್ಟು ಬಂತು. "ಹೀಗೆ ಬಡಿಸಿದರೆ ಯಾರಾದರೂ ಊಟಕ್ಕೆ ಕೂರ್ತಾರಾ? ಉಪ್ಪು ಎಡದ ತುದಿಗೆ. ಆಮೇಲೆ ಉಪ್ಪಿನಕಾಯಿ, ಆಮೇಲೆ ನೀವು. ಅನ್ನ ಮಧ್ಯದಲ್ಲಿ, ಮುಂದೆ ಬರಬೇಕು."

"ಅತ್ತೆ, ಇಲ್ಲಿ ಯಾರಿಗೆ ಗೊತ್ತಾಗುತ್ತೆ?" ಎಂದೆ.

"ನನಗೆ ಗೊತ್ತಾಗ್ತದಲ್ಲ!"

ಉಪ್ಪಿನ ಪಾತ್ರಕ್ಕೆ ಜನ ಉಳಿದಿರಲಿಲ್ಲ. ಅಂಗಳದ ಕುಳ್ಳನ ಗೊಂಬೆಯೊಂದಕ್ಕೆ ನನ್ನ ಬಿಳಿ ಕಾಲುಚೀಲ ತೊಡಿಸಿ ಎಡ ತುದಿಗೆ ನಿಲ್ಲಿಸಿದೆವು. ಅನ್ನ ಮಧ್ಯಕ್ಕೆ, ಮುಂದಕ್ಕೆ ಬಂತು. ಕುಂಬಳಕಾಯಿಯ ದೀಪವನ್ನು ಎಲ್ಲರಿಗೂ ಕಾಣಲೆಂದು ನಾವು ಮೊದಲೇ ಇಟ್ಟಿದ್ದುದೂ ಮಧ್ಯದಲ್ಲೇ, ಮುಂದೆಯೇ. ಎದುರಿನಿಂದ ಬಂದ ಮಗುವೊಂದು ಡಚ್ಚಿನಲ್ಲಿ, "ನೀವು ಪೊದೆಯಾ?" ಎಂದು ನನ್ನನ್ನು ಕೇಳಿತು. ಬೀನ್ಸ್ ಪಲ್ಯಕ್ಕೆ ಡಚ್ಚಿನಲ್ಲಿ ಏನನ್ನುತ್ತಾರೆ ಎಂದು ನಾನು ತಡಕಾಡುತ್ತಿದ್ದೆ. ಆದ್ಯಾ ಪೈಪಿನಿಂದ ಜಾರಿಬಿದ್ದ ಮಿಠಾಯಿಯನ್ನು ಹೆಕ್ಕಲು ಬಗ್ಗಿದಳು.

ಕುಂಬಳಕಾಯಿಯ ದೀಪಕ್ಕೆ ತಾಗಿದ ಅಂಗಿಯ ಅಂಚಿನಿಂದ ಉರಿ ಮೇಲಕ್ಕೆ ಓಡಿತು. ಓಡಿತು ಎಂದೇ ಹೇಳಬೇಕು, ಅಷ್ಟು ಬೇಗ. ಪಕ್ಕದ ಮನೆಯ ಟೋನ್ ತಮ್ಮ ಬೇಲಿಯ ಬಳಿ ನಿಂತಿದ್ದರು. ನಿವೃತ್ತ ಬಸ್ ಚಾಲಕ, ಎಪ್ಪತ್ತು ದಾಟಿದವರು, ಬೀದಿಯಲ್ಲೇ ಅತ್ಯಂತ ಜಾಗರೂಕ ಮನುಷ್ಯ. ಮಾರ್ಚ್‌ನಿಂದ ನಮ್ಮೊಡನೆ ಮಾತಾಡುವಾಗಲೆಲ್ಲ ಒಂದೂವರೆ ಮೀಟರಿಗೆ ಕತ್ತರಿಸಿದ ಮರದ ಪಟ್ಟಿಯೊಂದನ್ನು ನಡುವೆ ಹಿಡಿಯುತ್ತಿದ್ದರು. ಆ ಟೋನ್ ಪಟ್ಟಿಯನ್ನೆಸೆದು, ಬೇಲಿ ಹಾರಿ, ತಮ್ಮ ಉಣ್ಣೆಯ ಕೋಟು ಬಿಚ್ಚುತ್ತ ನನ್ನ ಮಗಳತ್ತ ನುಗ್ಗಿದರು. ಆಗ ನಾನೇನು ಮಾಡಿದೆ? ಏಳು ತಿಂಗಳ ಅಭ್ಯಾಸ ನೋಡಿ, ಕೈ ಮುಂದೆ ಚಾಚಿ, ಇಡೀ ಬೀದಿಗೆ ಕೇಳುವಂತೆ ಡಚ್ಚಿನಲ್ಲಿ ಕೂಗಿದೆ: "ಒಂದೂವರೆ ಮೀಟರ್!"

ಟೋನ್ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಗುವನ್ನು ಕೋಟಿನಲ್ಲಿ ಸುತ್ತಿ ಒದ್ದೆ ಹುಲ್ಲಿನ ಮೇಲೆ ಉರುಳಿಸಿ, ಎದೆಗವಚಿಕೊಂಡು, "ಸಮಾಧಾನ, ಪುಟ್ಟಿ, ಸಮಾಧಾನ" ಎಂದು ತಮ್ಮ ಭಾಷೆಯಲ್ಲಿ ಹೇಳುತ್ತಲೇ ಇದ್ದರು. ಚಳಿಯೆಂದು ಅತ್ತೆ ಒಳಗೆ ಬಲವಂತವಾಗಿ ತೊಡಿಸಿದ್ದ ದಪ್ಪ ಉಣ್ಣೆಯ ಸ್ವೆಟರ್‌ನ ಅಂಚು ಮಾತ್ರ ಸುಟ್ಟಿತ್ತು. ಮಗುವಿನ ಅಂಗೈ ಕೊಂಚ ಕೆಂಪಾಗಿತ್ತು, ಅಷ್ಟೆ. ಆಮೇಲೆ ಟೋನ್ ಮೂರು ಹೆಜ್ಜೆ ಹಿಂದೆ ಸರಿದು, ಹತ್ತಿರ ಬಂದದ್ದಕ್ಕೆ ನನ್ನ ಕ್ಷಮೆ ಕೇಳಿದರು. ವಿದ್ಯಾ ಮಗುವಿನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಅಳುತ್ತಲೇ ನನ್ನನ್ನು ನೋಡಿ, "ಮಗು ಉರೀತಾ ಇದೆ, ನೀನು ಅಳತೆ ಹೇಳ್ತಿದ್ಯಲ್ಲೋ!" ಎಂದಳು.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಅದೇ ಆರು ನಲವತ್ತು. ಕೆಲವು ಸಲ ನಾನೇ ಮೊದಲು ಓಡುತ್ತಿದ್ದೆ, ಕೆಲವು ಸಲ ಟೋನ್ ನನ್ನ ಮಾತು ಕೇಳಿ ನಿಂತೇಬಿಡುತ್ತಿದ್ದರು. ಆಗ ಎದ್ದು ಆದ್ಯಾಳ ಕೋಣೆಗೆ ಹೋಗಿ ದೀಪ ಹಾಕಿ ನೋಡುತ್ತಿದ್ದೆ. ಅವಳು ಹಾಸಿಗೆಯಲ್ಲಿ ಎದ್ದು ಕೂತಿರುತ್ತಿದ್ದಳು. ಪ್ರತಿ ರಾತ್ರಿಯೂ. ಮಗುವಿನ ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದಿದೆ ಎಂದು ನಾನು ಮಕ್ಕಳ ಮನಶ್ಶಾಸ್ತ್ರದ ಲೇಖನಗಳನ್ನು ಓದಿದೆ, ಶಾಲೆಯ ಟೀಚರಿಗೆ ಉದ್ದನೆಯ ಈಮೇಲ್ ಬರೆದೆ. "ಶಾಲೆಯಲ್ಲಿ ಅವಳು ತುಂಬ ಖುಷಿಯಾಗಿದ್ದಾಳೆ, ಸ್ವಲ್ಪ ತೂಕಡಿಸುತ್ತಾಳೆ" ಎಂದು ಉತ್ತರ ಬಂತು. ಒಳಗೇ ನುಂಗುತ್ತಿದೆ ಪಾಪ ಎಂದುಕೊಂಡೆ.

ಎರಡು ವಾರಕ್ಕೆ ದೀಪಾವಳಿ. ಹಣತೆ ಹಚ್ಚುವುದು ಬೇಡವೇ ಬೇಡ ಎಂದು ನಾನು ಹಟ ಹಿಡಿದೆ. ಅಷ್ಟರಲ್ಲಿ ಟೋನ್ ಬಾಗಿಲ ಬಳಿ ಒಂದು ಡಬ್ಬಿ ಇಟ್ಟು, ಗಂಟೆ ಒತ್ತಿ, ದೂರ ಹೋಗಿ ನಿಂತರು. ಒಳಗೆ ಬ್ಯಾಟರಿಯ ಪುಟ್ಟ ದೀಪಗಳು. ಅತ್ತೆ ಒಂದನ್ನು ತಿರುಗಿಸಿ ನೋಡಿ, "ಒಳ್ಳೆ ಮನುಷ್ಯ. ಆದರೆ ಇದಕ್ಕೆ ಎಣ್ಣೆ ಎಲ್ಲಿ ಹಾಕುವುದು?" ಎಂದರು. ದೀಪಕ್ಕೆಂದು ತರಿಸಿದ್ದ ಎಳ್ಳೆಣ್ಣೆ ಬಾಟಲಿಗಟ್ಟಲೆ ಉಳಿಯಿತು. "ಮಗಾ, ನಿನ್ನ ಗಂಡನ ತಲೆಗೆ ಹಾಕು. ಕಣ್ಣು ನೋಡು ಹೇಗಾಗಿದೆ" ಎಂದು ಅತ್ತೆ ವಿದ್ಯಾಗೆ ಹೇಳಿದರು. ಅವಳು ಧಾರಾಳವಾಗಿ ಸುರಿದು ತಿಕ್ಕಿದಳು. ಬಿಸಿನೀರು ಮುಗಿಯುವ ತನಕ ಸ್ನಾನ, ಮೇಲೆ ಭಾರಿ ಊಟ. ಕಿಟಕಿಯಲ್ಲಿ ಬ್ಯಾಟರಿ ದೀಪಗಳನ್ನು ಜೋಡಿಸುತ್ತಿದ್ದ ಆದ್ಯಾಳನ್ನು ನೋಡುತ್ತ ಸೋಫಾದ ಮೇಲೆ ಒರಗಿದ್ದಷ್ಟೇ ನೆನಪು.

ಕಣ್ಣು ಬಿಟ್ಟಾಗ ಭಾನುವಾರದ ಬಿಸಿಲು ಮುಖದ ಮೇಲಿತ್ತು. ಗಾಬರಿಯಿಂದ ಮಗಳ ಕೋಣೆಗೆ ಓಡಿದೆ. ಅವಳು ಆಗಷ್ಟೇ ಎದ್ದು ಮೈಮುರಿಯುತ್ತಿದ್ದಳು.

"ಅಪ್ಪ, ನೀನು ಬರ್ಲೇ ಇಲ್ಲ! ಐ ವೇಟೆಡ್. ಆಮೇಲೆ ನಿದ್ದೆ ಬಂದ್ಬಿಡ್ತು."

"ಯಾಕೆ ಕಾಯ್ತಿದ್ದೆ ಪುಟ್ಟಾ?"

"ನೀನು ಎವ್ರಿ ನೈಟ್ ಬರ್ತೀಯಲ್ಲ. ನಿಂಗೆ ಒಬ್ನೇ ಇದ್ರೆ ಭಯ ಆಗತ್ತೆ, ಅದಕ್ಕೆ ನಾನು ಎದ್ದಿರ್ತೀನಿ."

ಅಡುಗೆಮನೆಯಿಂದ ಅತ್ತೆ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಅಂತೂ ಆ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಬೆಳಗಿನ ತನಕ ನಿದ್ದೆ ಮಾಡಿದರು. ಎಲ್ಲರೂ ಎಂದರೆ, ವಿದ್ಯಾಳನ್ನು ಬಿಟ್ಟು. ಎಣ್ಣೆ ಬಿದ್ದ ನನ್ನ ತಲೆ ಅಷ್ಟು ಜೋರಾಗಿ ಗೊರಕೆ ಹೊಡೆಯಬಲ್ಲದೆಂದು ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಗೊತ್ತಿರಲಿಲ್ಲವಂತೆ.